ಕಪ್ಪು ದ್ರಾಕ್ಷಿ, ಹಸಿರು ಬೀಜ

ಸಂತೇಬೆನ್ನೂರಿನ ಬೆನಕಪ್ಪ ಅಡಿಕೆ ತೋಟಕ್ಕೆ ಕಾಲಿಟ್ಟರೆ ಮೊದಲು ಹೆಗಲ ಮೇಲಿನ ಟವೆಲ್ ತೆಗೆದು ತಲೆಗೆ ಸುತ್ತುತ್ತಿದ್ದ. ಆಮೇಲೆ ಒಂದು ಮಾತೂ ಆಡದೆ ಕತ್ತು ಮೇಲೆತ್ತಿ ಸಾಲಿನಿಂದ ಸಾಲಿಗೆ ನಡೆಯುತ್ತಿದ್ದ. ತೋಟದ ಯಜಮಾನನೂ ಚೇಣಿ ಹಿಡಿಯಲು ಬಂದವನೂ ಅವನ ಮುಖ ನೋಡುತ್ತ ಹಿಂದೆ ಬರುತ್ತಿದ್ದರು. ಚೇಣಿ ಎಂದರೆ ಮರದ ಮೇಲಿನ ಫಸಲನ್ನು ಮರದ ಮೇಲಿರುವಾಗಲೇ ಮಾರಿಬಿಡುವುದು. ಕೊಡುವವನಿಗೆ ಕಡಿಮೆ ಅಂದಾಜು ಹಾಕಿದರೆಂಬ ಅನುಮಾನ, ಹಿಡಿಯುವವನಿಗೆ ಜಾಸ್ತಿ ಹಾಕಿದರೆಂಬ ಅನುಮಾನ. ಈ ಎರಡರ ನಡುವೆ ನಿಂತು ಬೆನಕಪ್ಪ ‘ಇಪ್ಪತ್ತೆರಡು ಕ್ವಿಂಟಾಲು’ ಅಂದನೆಂದರೆ ಅಲ್ಲಿಗೆ ಮುಗಿಯಿತು, ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಎದ್ದರು. ಚನ್ನಗಿರಿಯಿಂದ ಹೊನ್ನಾಳಿ, ನ್ಯಾಮತಿಯವರೆಗೆ ಅವನ ಕಣ್ಣಿಗೆ ಆ ಬೆಲೆ ಇತ್ತು. ‘ಬೆನಕಪ್ಪ ನೋಡ್ಯಾನಾ?’ ಎಂದು ಕೇಳುತ್ತಿದ್ದರೇ ಹೊರತು ಎಷ್ಟು ಮರ, ಎಷ್ಟು ಗೊನೆ ಎಂದು ಯಾರೂ ಕೇಳುತ್ತಿರಲಿಲ್ಲ.

ಓದು ನಾಲ್ಕನೆಯ ಕ್ಲಾಸು. ಸ್ವಂತದ್ದು ಎರಡೆಕರೆ. ಇದ್ದ ದೊಡ್ಡ ಆಸ್ತಿಯೆಂದರೆ ಈ ಹೆಸರೇ. ಅದಕ್ಕೆ ಸ್ವಲ್ಪ ಜಂಬವೂ ಬಂದಿತ್ತು. ಸುಳ್ಳು ಯಾಕೆ ಹೇಳಬೇಕು. ಮದುವೆ ಊಟದಲ್ಲಿ ಕೂತರೂ ಬಾಳೆಗೊನೆ ನೋಡಿ ಎಷ್ಟು ಹಣ್ಣು ಎಂದು ಹೇಳದಿದ್ದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಅಡಿಕೆಯವರಿಗೆ ಒಂದು ಭಯ ಹುಟ್ಟಿನಿಂದಲೇ ಬಂದಿರುತ್ತದೆ. ಆ ಕಡೆಯವರು ಕೆಂಪಡಿಕೆ ಮಾಡುವವರು. ಅದಕ್ಕೆ ಕಾಯಿ ಹಸಿರಿದ್ದಾಗಲೇ ಇಳಿಸಿ, ಸುಲಿದು, ಬೇಯಿಸಬೇಕು. ನಾಲ್ಕು ದಿನ ಉದಾಸೀನ ಮಾಡಿದರೆ ಕಾಯಿಗೆ ಬಣ್ಣ ಬರುತ್ತದೆ; ಬಣ್ಣ ಬಂತೆಂದರೆ ಅದು ಗೋಟು, ಬೆಲೆ ಬಿತ್ತು. ‘ಹಣ್ಣಾಗಾಕೆ ಬಿಟ್ಟೋನು ಹಾಳಾದ’ ಎಂದು ಬೆನಕಪ್ಪ ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದ. ಮೂವತ್ತು ವರ್ಷ ಇದೇ ಮಾತು ಅವನನ್ನು ಕಾಪಾಡಿತ್ತು.

ಅವನಿಗೆ ಇದ್ದವಳು ಒಬ್ಬಳೇ ತಂಗಿ, ಶಂಕ್ರಮ್ಮ. ಅವಳನ್ನು ಕೊಟ್ಟಿದ್ದು ಜಗಳೂರು ಸೀಮೆಯ ಬಿಳಿಚೋಡಿಗೆ. ಕಾಲುವೆ ನೀರಿನ ಊರಿಂದ ಮೋಡ ನೋಡಿಕೊಂಡು ಬಿತ್ತುವ ಊರಿಗೆ ಹೋದವಳು ಅತ್ತುಕೊಂಡೇನೂ ಕೂರಲಿಲ್ಲ. ಗಂಡ ಕಲ್ಲೇಶಪ್ಪ ನ್ಯಾಮತಿಯಲ್ಲಿ ಮೇಷ್ಟ್ರು. ಹದಿನೈದು ದಿನಕ್ಕೊಮ್ಮೆ ಬಂದು ಅಂಗಿ ಬದಲಾಯಿಸಿಕೊಂಡು ಹೋಗುವ ಸಾಧು ಮನುಷ್ಯ. ಹೊಲಮನೆಯೆಲ್ಲ ಅವಳದೇ. ಎಪ್ಪತ್ತಾರರಲ್ಲಿ ಬೆಂಗಳೂರಿನ ಒಂದು ವೈನ್ ಕಂಪನಿಯವರು ಆ ಕಡೆ ಬಂದು, ಮಳೆ ಕಡಿಮೆ ಇರುವ ಸೀಮೆಯಲ್ಲಿ ಬಳ್ಳಿಗೆ ರೋಗ ಕಡಿಮೆ, ಕಪ್ಪು ದ್ರಾಕ್ಷಿ ಹಾಕಿ, ನಾವೇ ಲಾರಿ ತಂದು ಕೊಳ್ಳುತ್ತೇವೆ ಎಂದಾಗ ಊರಿನ ಗಂಡಸರು ತಲೆ ಕೆರೆದುಕೊಂಡರು. ಶಂಕ್ರಮ್ಮ ಬಾವಿ ಪಕ್ಕದ ಒಂದೆಕರೆಗೆ ಕಲ್ಲುಕಂಬ ನೆಡಿಸಿ, ತಂತಿ ಎಳೆಸಿ, ಚಪ್ಪರ ಹಾಕಿಸಿಯೇ ಬಿಟ್ಟಳು.

ಲಿಂಗ ಕಟ್ಟಿದ ಮನೆಯವಳು ಹೆಂಡದ ಹಣ್ಣು ಬೆಳೆಯುವುದೇ ಎಂದು ಮಾತು ಬಂತು. ಮನೆಗೆ ಬರುತ್ತಿದ್ದ ತಿಪ್ಪೇರುದ್ರಸ್ವಾಮಿಗಳು ಪಾದಪೂಜೆಗೆ ಕೂತಾಗ ಅದನ್ನೇ ಎತ್ತಿದರು.

‘ಸ್ವಾಮೇರ, ನಾನು ಬೆಳೆಯಾದು ಹಣ್ಣು. ಬೆಲ್ಲದಾಗೂ ಸಾರಾಯಿ ಮಾಡ್ತಾರೆ. ಹಂಗಂತ ಕಬ್ಬು ಬೆಳೆಯೋರ ಮನೆ ಪಾಯಸ ನೀವು ಬಿಟ್ಟೀರಾ?’ ಎಂದಳು.

ಸ್ವಾಮಿಗಳಿಗೆ ಪಾಯಸ ಪ್ರಾಣ. ಅಲ್ಲಿಗೆ ಆ ಮಾತು ನಿಂತಿತು.

ಎಪ್ಪತ್ತೊಂಬತ್ತರ ಬೆಳೆ ಕಂಪನಿಗೆ ಹೋಯಿತು, ಎಂಬತ್ತರದೂ ಹೋಯಿತು, ಎರಡೂ ಸಲ ಲಾರಿ ತುಂಬಿಯೇ. ಕಂಪನಿಯ ಆಫೀಸರು ಎರಡನೆಯ ಸಲ ಹಣ್ಣು ಬಾಯಿಗೆ ಹಾಕಿಕೊಂಡು, ‘ಈ ದಿನವೇ ಕೊಯ್ಯಬೇಕು ಅಂತ ಹೆಂಗೆ ಗೊತ್ತಾಯ್ತಮ್ಮ?’ ಎಂದು ಕೇಳಿದರು. ‘ನಾಲಿಗೆ ಹೇಳತೈತೆ ಸ್ವಾಮಿ’ ಎಂದು ಶಂಕ್ರಮ್ಮ ನಕ್ಕಳು. ಬಣ್ಣ ಬಂದಂದಿನಿಂದ ದಿನಾ ಬೆಳಗ್ಗೆ ಚಪ್ಪರದ ನಾಲ್ಕು ಮೂಲೆಯಿಂದ ನಾಲ್ಕು ಹಣ್ಣು ಕಿತ್ತು ಅಗಿದು, ಬೀಜವನ್ನು ಅಂಗೈ ಮೇಲೆ ಉಗುಳಿ ನೋಡುವುದು ಅವಳ ಪದ್ಧತಿ. ಬೀಜ ಹಸಿರಿದ್ದರೆ ಇಲ್ಲ. ಕಂದು ಬಣ್ಣಕ್ಕೆ ತಿರುಗಿ, ತಿರುಳು ಬಿಟ್ಟು ತಾನಾಗಿ ಕಳಚಿಕೊಂಡರೆ ಸರಿ. ಯಾರೂ ಹೇಳಿಕೊಟ್ಟದ್ದಲ್ಲ. ಆ ಜಾತಿಯ ದ್ರಾಕ್ಷಿ ಮೊದಲು ಕಪ್ಪಾಗಿ ಕೂತುಬಿಡುತ್ತದೆ. ಸಿಹಿ ಬರುವುದು ಆಮೇಲೆ, ನಿಧಾನಕ್ಕೆ. ಕಣ್ಣಿಗೆ ಹಣ್ಣು, ಬಾಯಿಗೆ ಹುಣಸೆ. ಆ ಅಂತರವನ್ನು ಅವಳು ಎರಡು ಬೆಳೆಯಲ್ಲಿ ಕಲಿತಿದ್ದಳು.

ಎಂಬತ್ತೊಂದರ ಮಾರ್ಚಿನಲ್ಲಿ ಕಂಪನಿಯಿಂದ ಕಾಗದ ಬಂತು. ಬೆಂಗಳೂರಿನಲ್ಲಿ, ಗೋವಾ ಕಡೆಯಲ್ಲಿ ಸಿಹಿ ವೈನು ಕೇಳುವವರು ಹೆಚ್ಚಾಗಿದ್ದಾರೆ, ಅಂಗಡಿಗಳಲ್ಲಿ ಸರಕು ಸಾಲುತ್ತಿಲ್ಲ. ತಿಂಗಳ ಕೊನೆಯೊಳಗೆ ಹಣ್ಣು ಕೊಟ್ಟವರಿಗೆ ಒಳ್ಳೆಯ ರೇಟು, ಪೋಸ್ಟಾಫೀಸಿನಿಂದ ಒಂದು ತಂತಿ ಕೊಟ್ಟರೆ ಸಾಕು, ಲಾರಿ ಬರುತ್ತದೆ ಎಂದಿತ್ತು. ಅದೇ ವಾರ ಆಕಾಶದಲ್ಲಿ ಮೋಡವೂ ಕೂಡಿತು. ಯುಗಾದಿಗೆ ಮುಂಚೆ ಅಂಥ ಮೋಡ ಬರುವುದು ಅಪರೂಪ. ಕಳಿತ ಹಣ್ಣಿನ ಮೇಲೆ ಒಂದು ಜೋರು ಮಳೆ ಬಿದ್ದರೆ ಸಿಪ್ಪೆ ಬಿರಿದು ಗೊಂಚಲಿಗೆ ಗೊಂಚಲೇ ಕೊಳೆಯುತ್ತದೆ.

ಆ ದಿನಗಳಲ್ಲಿ ಅಡಿಕೆ ಕೆಲಸವಿಲ್ಲ. ಕೆರೆಬಿಳಚಿಯ ಚೇಣಿದಾರ ನಾಗೇಂದ್ರಪ್ಪ ಜೀಪಿನಲ್ಲಿ ಜಗಳೂರಿಗೆ ಹೊರಟಿದ್ದ. ತಂಗಿಯನ್ನು ನೋಡಿದ ಹಾಗಾಯಿತೆಂದು ಬೆನಕಪ್ಪನೂ ಹತ್ತಿದ. ಬಿಳಿಚೋಡಿನಲ್ಲಿ ಇಳಿದು, ಕಾಲಿಗೆ ನೀರು ಹಾಕಿಕೊಂಡು, ಸೀದಾ ಚಪ್ಪರದ ಕೆಳಗೆ ಹೋದ. ತಲೆಯ ಮೇಲೆ ಗೊಂಚಲು ಗೊಂಚಲಾಗಿ ಕಪ್ಪು ದ್ರಾಕ್ಷಿ.

‘ಏನವ್ವ ಶಂಕ್ರಿ, ಬಣ್ಣ ಪೂರಾ ಬಂದುಬಿಟ್ಟೈತಲ್ಲ! ಇನ್ನೂ ಯಾಕೆ ಬಿಟ್ಟೀಯ?’

‘ಇನ್ನೂ ಹದಿನೈದು ದಿನ ಬೇಕಣ್ಣ. ಬರೀ ಬಣ್ಣ ಬಂದೈತೆ.’

‘ಹದಿನೈದು ದಿನ! ಮೋಡ ನೋಡಿದೇನು?’

‘ಇದು ನಿಮ್ಮ ಕಡೆ ಮೋಡ ಅಲ್ಲಣ್ಣ. ಜಗಳೂರಿಗೆ ಮೋಡ ಬರಾದು ನೆಂಟರು ಬಂದಂಗೆ. ಮಾತಾಡಿಸ್ಕಂಡು ಹೋಗತಾವೆ.’ ಅವಳು ಒಂದು ಹಣ್ಣು ಕಿತ್ತು ಹಲ್ಲಿನಲ್ಲಿ ಕಚ್ಚಿ, ಬೀಜ ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು. ‘ನೋಡು, ಹಸಿರು ಐತೆ.’

‘ಬೀಜ ಯಾರು ನೋಡ್ತಾರೆ?’ ಎಂದು ಬೆನಕಪ್ಪ ನಕ್ಕ. ನಾಗೇಂದ್ರಪ್ಪ ಜೀಪಿನ ಹತ್ತಿರವೇ ಉಳಿದಿದ್ದ, ಈ ಮಾತು ಅವನ ಕಿವಿಗೆ ಬೀಳಲಿಲ್ಲ.

ನಕ್ಕರೂ ಬೆನಕಪ್ಪನಿಗಿದ್ದದ್ದು ನಿಜವಾದ ಕಳಕಳಿ. ಮೇಲೆ ಮೋಡ, ಕೈಯಲ್ಲಿ ಒಳ್ಳೆ ರೇಟಿನ ಕಾಗದ, ಚಪ್ಪರದಲ್ಲಿ ಬಣ್ಣ ಬಂದ ಫಸಲು. ಇಷ್ಟಾದ ಮೇಲೂ ಕೊಯ್ಯದವನನ್ನು ಅವನು ಹುಚ್ಚನೆಂದೇ ತಿಳಿದಿದ್ದ. ತಂಗಿಯ ನಾಲಿಗೆಗಿಂತ ತನ್ನ ಕಣ್ಣು ದೊಡ್ಡದು ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಮಾರನೆಯ ದಿನ ನಾಗೇಂದ್ರಪ್ಪನ ಜೀಪಿನಲ್ಲೇ ಜಗಳೂರಿಗೆ ಹೋಗಿ, ಅವನು ತನ್ನ ಕೆಲಸಕ್ಕೆ ಹೋದಾಗ ಪೋಸ್ಟಾಫೀಸು ಹೊಕ್ಕು, ಅವಳ ಹೆಸರಿನಲ್ಲಿ ತಾನೇ ತಂತಿ ಕೊಟ್ಟು ಬಂದ. ಬಂದು ಹೇಳಿದಾಗ ಶಂಕ್ರಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಿ ಅಣ್ಣನ ಮುಖ ನೋಡಿದಳು.

‘ಕೊಟ್ಟೇಬಿಟ್ಟೆ?’

‘ಅಣ್ಣ ನಿನಗೆ ಕೆಟ್ಟದ್ದು ಮಾಡ್ತಾನೇನು?’

ತಂತಿ ಹೋಗಿಯಾಗಿತ್ತು, ಇನ್ನು ಲಾರಿ ಹೊರಟಂತೆಯೇ. ಅವಳು ರೊಟ್ಟಿ ತಿರುವಿ ಹಾಕಿದಳು.

ಕೊಯ್ಲಿಗೆ ಬಂದವರಲ್ಲಿ ಗಿಡ್ಡಮ್ಮ ಹಳಬಳು, ಚಪ್ಪರ ಹಾಕಿದ ದಿನದಿಂದ ಇದ್ದವಳು. ಕತ್ತರಿ ಆಡಿಸುತ್ತ ಒಂದು ಹಣ್ಣು ಬಾಯಿಗೆ ಹಾಕಿ ಮುಖ ಕಿವುಚಿದಳು. ‘ಅಕ್ಕಾರೆ, ಹಲ್ಲು ಚಳುಕು ಹೊಡೀತಾವೆ! ಇದನ್ನ ಕೊಯ್ಯಾಕೆ ಯಾರು ಹೇಳಿದ್ರು?’

‘ತಿನ್ನಾದು ಕಮ್ಮಿ ಮಾಡಿ ಕತ್ತರಿ ಆಡ್ಸು’ ಎಂದು ಬೆನಕಪ್ಪ ಗದರಿದ. ಶಂಕ್ರಮ್ಮ ಗೊಂಚಲುಗಳನ್ನು ಕ್ರೇಟಿಗೆ ಜೋಡಿಸುತ್ತಿದ್ದಳು, ಮಲಗಿದ ಮಗುವನ್ನು ತೊಟ್ಟಿಲಿಗೆ ಇಡುವಷ್ಟು ಮೆಲ್ಲಗೆ.

ಲಾರಿಯ ಜೊತೆ ಆ ಆಫೀಸರೇ ಬಂದರು. ಜೇಬಿನಿಂದ ಗೇಣುದ್ದದ ಒಂದು ಕೊಳವೆ ತೆಗೆದು, ಅದರ ತುದಿಯ ಗಾಜಿಗೆ ದ್ರಾಕ್ಷಿ ಹಿಂಡಿ ಒಂದು ಹನಿ ಬಿಟ್ಟು, ಬೆಳಕಿಗೆ ಹಿಡಿದು ಒಂದು ಕಣ್ಣಿನಲ್ಲಿ ನೋಡಿದರು. ಹಣ್ಣಿನ ಸಿಹಿ ಅಳೆಯುವ ಕೊಳವೆ ಅದು. ಇನ್ನೊಂದು ಕ್ರೇಟಿನ ಹಣ್ಣು ನೋಡಿದರು. ಮತ್ತೊಂದು ನೋಡಿದರು.

‘ಹದಿನಾರಾದರೂ ಇರಬೇಕು. ಹನ್ನೆರಡೂ ದಾಟ್ತಾ ಇಲ್ಲವಲ್ಲಮ್ಮ.’

ಬೆನಕಪ್ಪ ಮುಂದೆ ಬಂದ. ‘ಸ್ವಾಮಿ, ನಾಲ್ಕು ದಿನ ಹುಲ್ಲಾಗೆ ಮುಚ್ಚಿಟ್ರೆ ಕಳಿಯಲ್ವಾ?’

‘ಇದು ಮಾವಿನಕಾಯಲ್ಲ, ಯಜಮಾನರೇ. ಬಳ್ಳಿ ಬಿಟ್ಟ ಮೇಲೆ ದ್ರಾಕ್ಷಿ ಹಣ್ಣಾಗೋದಿಲ್ಲ. ಕೊಯ್ದಾಗ ಎಷ್ಟು ಸಿಹಿಯೋ ಅಷ್ಟೇ.’

ಬೆನಕಪ್ಪನಿಗೆ ಅದು ಆ ಕ್ಷಣದವರೆಗೂ ಗೊತ್ತಿರಲಿಲ್ಲ.

ಆಫೀಸರು ಶಂಕ್ರಮ್ಮನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. ‘ನಿಮ್ಮ ನಾಲಿಗೆ ನನಗೆ ಗೊತ್ತು. ಯಾರಾದರೂ ಹೇಳಿ ಕೊಯ್ಯಿಸಿದರಾ? ಹಾಗಿದ್ದರೆ ಹೇಳಿ. ತಿಳಿಯದೆ ಆದ ತಪ್ಪು ಅಂತ ಬರೀತೀನಿ. ಮುಂದಿನ ವರ್ಷ ನಾವೇ ಬಂದು ದಿನ ಗೊತ್ತು ಮಾಡ್ತೀವಿ. ಗೊತ್ತಿದ್ದೂ ರೇಟಿನ ಆಸೆಗೆ ಕೊಯ್ದಿದ್ದರೆ ಮಾತ್ರ ನಾನು ಏನೂ ಮಾಡೋಕೆ ಆಗೋದಿಲ್ಲ. ಅಂಥವರನ್ನು ಕಂಪನಿ ಪಟ್ಟಿಯಿಂದ ತೆಗೆಯುತ್ತೆ.’

ಸುತ್ತ ಜನ ಸೇರಿದ್ದರು. ಅವರ ನಡುವೆ, ಬೆನಕಪ್ಪನನ್ನು ವಾಪಸು ಕರೆದೊಯ್ಯಲು ಬಂದ ನಾಗೇಂದ್ರಪ್ಪ ಜೀಪಿಗೆ ಒರಗಿಕೊಂಡು ನಿಂತಿದ್ದ. ಬೆನಕಪ್ಪನ ಕಣ್ಣು ಸೋತಿತು ಎಂಬ ಸುದ್ದಿ ಅವನ ಬಾಯಿಗೆ ಬಿದ್ದರೆ ಮರುದಿನವೇ ಚನ್ನಗಿರಿಯಿಂದ ಹೊನ್ನಾಳಿವರೆಗೆ ಹರಡುತ್ತಿತ್ತು. ಶಂಕ್ರಮ್ಮ ಅವನನ್ನು ನೋಡಿದಳು, ಅಣ್ಣನನ್ನು ನೋಡಿದಳು.

‘ಯಾರೂ ಹೇಳ್ಲಿಲ್ಲ ಸ್ವಾಮಿ. ನಾನೇ ಕೊಯ್ಸಿದ್ದು. ರೇಟು ಚೆನ್ನಾಗೈತಲ್ಲ ಅಂತ’ ಎಂದಳು.

ಇಲ್ಲಿ ಬೆನಕಪ್ಪ ಬಾಯಿ ಬಿಡಬೇಕಿತ್ತು. ದೊಡ್ಡ ಭಾಷಣವೇನೂ ಬೇಕಿರಲಿಲ್ಲ. ‘ನಾನು ಹೇಳಿದ್ದು’ ಎಂಬ ಎರಡು ಮಾತು ಸಾಕಿತ್ತು. ಗಿಡ್ಡಮ್ಮ ಕತ್ತರಿ ಹಿಡಿದುಕೊಂಡು ಅವನ ಬಾಯನ್ನೇ ನೋಡುತ್ತಿದ್ದಳು. ಅವನು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. ಆಫೀಸರು ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು. ಲಾರಿ ಖಾಲಿ ಹೋಯಿತು. ಹಣ್ಣನ್ನು ದಾವಣಗೆರೆ ಮಾರ್ಕೆಟ್ಟಿಗೆ ಒಯ್ದರೆ ಒಂದು ತಿಂದವರು ಎರಡನೆಯದಕ್ಕೆ ಕೈ ಹಾಕಲಿಲ್ಲ. ಉಳಿದದ್ದು ಊರಿನ ಆಡುಗಳಿಗೆ ಹೋಯಿತು; ಆಡುಗಳೂ ಕೊಸರಾಡಿಯೇ ತಿಂದವು. ಮೋಡ ಮೂರು ದಿನ ನಿಂತು ಚದುರಿತು. ಯುಗಾದಿ ಕಳೆದರೂ ಬಿಳಿಚೋಡಿನಲ್ಲಿ ಒಂದು ಹನಿ ಬೀಳಲಿಲ್ಲ.

ಜೀಪಿನಲ್ಲಿ ವಾಪಸು ಬರುವಾಗ ನಾಗೇಂದ್ರಪ್ಪ, ‘ಹೆಣ್ಮಕ್ಕಳ ಆತುರ ನೋಡ್ರಿ’ ಎಂದ. ಬೆನಕಪ್ಪ ‘ಹೂಂ’ ಎಂದ. ಆ ಒಂದು ‘ಹೂಂ’ ಅವನನ್ನು ಆಮೇಲೆ ಎಷ್ಟು ಸಲ ತಿಂದಿತೋ ಲೆಕ್ಕವಿಲ್ಲ. ಸುಮ್ಮನಿದ್ದದ್ದಕ್ಕಾದರೂ ಗಾಬರಿಯಾಗಿತ್ತು ಎಂಬ ನೆಪವಿತ್ತು, ಇದಕ್ಕೆ ಯಾವ ನೆಪವೂ ಇರಲಿಲ್ಲ.

ಶಂಕ್ರಮ್ಮನ ಹೆಸರು ಕಂಪನಿಯ ಪಟ್ಟಿಯಿಂದ ಹೋಯಿತು. ಬಿಳಿಚೋಡಿನ ಆಚೆ ಇನ್ನಿಬ್ಬರು ಅದೇ ದ್ರಾಕ್ಷಿ ಹಾಕಿದ್ದರು. ಅವರಿಗೆ ಎಂಬತ್ತೆರಡರಲ್ಲೂ ಲಾರಿ ಬಂತು, ಎಂಬತ್ಮೂರರಲ್ಲೂ ಬಂತು. ಇವಳು ಮರುವರ್ಷ ಬೀಜ ಕಂದಾಗುವವರೆಗೆ ಕಾದು, ಸಕ್ಕರೆಯಂಥ ಹಣ್ಣು ಕೊಯ್ದು ದಾವಣಗೆರೆಗೆ ಒಯ್ದಳು. ಅಲ್ಲಿ ಪೇಟೆಯವರ ಬಾಯಿ ಅಷ್ಟರಲ್ಲಿ ಬೇರೆಯಾಗಿತ್ತು. ಬೀಜವಿಲ್ಲದ ಹಸಿರು ದ್ರಾಕ್ಷಿ ಬಂದಿತ್ತು, ಬೀಜ ಉಗುಳುತ್ತ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ. ಕಪ್ಪು ಹಣ್ಣಿಗೆ ವೈನಿನವರು ಬಿಟ್ಟರೆ ಗತಿಯಿಲ್ಲ, ವೈನಿನವರಿಗೆ ಇವಳು ಬೇಡ. ಎಂಬತ್ಮೂರರ ಬೇಸಿಗೆಯಲ್ಲಿ ಬಳ್ಳಿ ಕಡಿಸಿ, ಕಲ್ಲುಕಂಬ ಕೀಳಿಸಿ ದನದ ಕೊಟ್ಟಿಗೆಗೆ ಹಾಕಿಸಿ, ಆ ಎಕರೆಗೆ ಶೇಂಗಾ ಬಿತ್ತಿದಳು. ಅಣ್ಣನಿಗೆ ಹೇಳಿಯೂ ಕಳಿಸಲಿಲ್ಲ, ದೂರಲೂ ಇಲ್ಲ. ಹಬ್ಬಕ್ಕೆ ಬರುತ್ತಿದ್ದಳು, ಅತ್ತಿಗೆಯ ಜೊತೆ ನಗುತ್ತಿದ್ದಳು. ಆದರೆ ಮೊದಲೆಲ್ಲ ಎಮ್ಮೆ ಕೊಳ್ಳುವುದಕ್ಕೂ ‘ಅಣ್ಣನ್ನ ಒಂದು ಮಾತು ಕೇಳಾನ’ ಎನ್ನುತ್ತಿದ್ದವಳು ಆಮೇಲೆ ಏನನ್ನೂ ಕೇಳಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಅವನ ಹೆಸರಿಗೆ ಮಾತ್ರ ಒಂದು ಗೀರೂ ಬೀಳಲಿಲ್ಲ. ಎಂಬತ್ತೈದರ ಶ್ರಾವಣದಲ್ಲಿ ಅವನೂ ನಾಗೇಂದ್ರಪ್ಪನೂ ಹೊನ್ನಾಳಿ ಕಡೆಯ ಒಂದು ತೋಟ ನೋಡಲು ಹೋಗಿದ್ದರು. ತೋಟದ ಯಜಮಾನ ಬಸವರಾಜಪ್ಪ, ಹೊಸದಾಗಿ ಪಾಲು ಪಡೆದವನು, ಅಂದಾಜಿನ ಬಗ್ಗೆ ಸ್ವಲ್ಪ ಕೊಸರಿದ. ನಾಗೇಂದ್ರಪ್ಪ ಅವನ ಭುಜ ತಟ್ಟಿ, ‘ಇವರ ಮಾತು ಮೀರಬ್ಯಾಡ್ರಿ. ಇವರ ಒಡಹುಟ್ಟಿದ ತಂಗೀನೇ ಮಾತು ಕೇಳದೆ ಹಣ್ಣು ಕೊಯ್ಸಿ ಚಿನ್ನದಂಥ ದ್ರಾಕ್ಷಿ ತೋಟ ಕಳ್ಕಂಡ್ಳು’ ಎಂದ.

ಕಥೆ ನಾಲ್ಕು ವರ್ಷದಲ್ಲಿ ಇಲ್ಲಿಗೆ ಬಂದು ನಿಂತಿತ್ತು! ಬೆನಕಪ್ಪ ತಲೆಯ ಟವೆಲ್ ಕಿತ್ತು ಕೈಯಲ್ಲಿ ಹಿಡಿದ.

‘ಸುಳ್ಳು. ಅವಳು ಬ್ಯಾಡ ಅಂದ್ಳು. ಬೀಜ ತೋರ್ಸಿ ಬ್ಯಾಡ ಅಂದ್ಳು. ಕೊಯ್ಸಿದೋನು ನಾನು. ತಂತಿ ಕೊಟ್ಟೋನು ನಾನು. ನೀನೇ ಜೀಪಿನಾಗೆ ಕರ್ಕಂಡು ಹೋಗಿದ್ದೆ, ನಾಗೇಂದ್ರಪ್ಪ!’

ನಾಗೇಂದ್ರಪ್ಪ ಬಸವರಾಜಪ್ಪನ ಕಡೆ ತಿರುಗಿ, ಕಣ್ಣಲ್ಲಿ ನೀರು ಬರುವಷ್ಟು ಮೆಚ್ಚಿ, ‘ನೋಡಿದ್ರಾ? ತಂಗಿ ಹೆಸರು ಕೆಡಬಾರ್ದು ಅಂತ ತನ್ನ ಮೇಲೆ ಹಾಕ್ಕಂತಾರೆ. ಅವಳೇ ತನ್ನ ಬಾಯಾಗೆ ಒಪ್ಕಂಡಿದ್ದು ನಾನು ಕೇಳೀನಿ. ಇಂಥ ಅಣ್ಣ ಯಾರಿಗೆ ಸಿಗ್ತಾನ್ರೀ?’ ಎಂದ. ಬಸವರಾಜಪ್ಪ ಕೈ ಮುಗಿದು ಚೇಣಿಗೆ ಒಪ್ಪಿಕೊಂಡ. ಬೆನಕಪ್ಪ ಎಷ್ಟು ಕೂಗಾಡಿದರೂ ಅವನ ದೊಡ್ಡತನ ಹೆಚ್ಚಿತೇ ಹೊರತು ನಿಜ ಯಾರ ಕಿವಿಗೂ ಇಳಿಯಲಿಲ್ಲ.

ಆ ವಾರವೇ ಅವನು ಬೆಂಗಳೂರಿಗೆ ಹೋದ. ತಂಗಿಯ ಮುಂದೆ ಬರಿಗೈಯಲ್ಲಿ ನಿಲ್ಲಲು ಮನಸ್ಸಿರಲಿಲ್ಲ. ಕಂಪನಿಯವರಿಗೆ ನಿಜ ಹೇಳಿ, ಅವಳ ಹೆಸರು ಮತ್ತೆ ಬರೆಸಿ, ತಾನೇ ಮುಂದೆ ನಿಂತು ಚಪ್ಪರ ಹಾಕಿಸಿಕೊಡಬೇಕೆಂದಿದ್ದ. ಅದೇ ಆಫೀಸರು ಸಿಕ್ಕರು, ತಲೆ ಸ್ವಲ್ಪ ನರೆತಿತ್ತು. ಎಲ್ಲ ಕೇಳಿಸಿಕೊಂಡರು.

‘ನನಗೆ ಅವತ್ತೇ ಅನುಮಾನ ಇತ್ತು. ನೀವು ಒಂದು ಮಾತು ಅಂದಿದ್ದರೆ ಮರುವರ್ಷ ಲಾರಿ ಕಳಿಸ್ತಿದ್ದೆ’ ಎಂದರು. ‘ಈಗ ಆ ಸಿಹಿ ವೈನು ಕೇಳೋರೇ ಕಡಿಮೆ. ಜನ ಬಿಯರು, ರಮ್ಮು ಅಂತಾರೆ. ನಮಗೆ ಬೇಕಾದಷ್ಟು ಹಣ್ಣು ಇಲ್ಲೇ ಬೆಂಗಳೂರಿನ ಸುತ್ತಮುತ್ತ ಸಿಗುತ್ತೆ. ಈ ವರ್ಷದಿಂದ ನಿಮ್ಮ ಕಡೆಗೆ ಲಾರಿ ಬರೋದೇ ಇಲ್ಲ, ಯಜಮಾನರೇ.’

ಬೆನಕಪ್ಪ ಊರಿಗೆ ಹೋಗದೆ ಸೀದಾ ಬಿಳಿಚೋಡಿಗೆ ಬಸ್ಸು ಹತ್ತಿದ. ಮಧ್ಯಾಹ್ನದ ಹೊತ್ತು. ಶಂಕ್ರಮ್ಮ ಶೇಂಗಾ ಹೊಲದಲ್ಲಿ ಗಿಡ್ಡಮ್ಮನ ಜೊತೆ ಕಳೆ ತೆಗೆಯುತ್ತಿದ್ದಳು. ಅಣ್ಣನನ್ನು ಕಂಡು ಸೆರಗಿನಿಂದ ಕೈ ಒರೆಸಿಕೊಂಡು ಬದುವಿಗೆ ಬಂದಳು. ಅವನು ನಿಂತಲ್ಲೇ ಎಲ್ಲ ಹೇಳಿದ. ಹೊನ್ನಾಳಿಯ ತೋಟದಲ್ಲಿ ನಾಲ್ಕು ಜನರ ಮುಂದೆ ಒಪ್ಪಿಕೊಂಡದ್ದು, ಅವರು ನಂಬದೇ ಹೋದದ್ದು, ಆಫೀಸರು ಅಂದದ್ದು.

‘ನೀನಾದ್ರೂ ನಾಲ್ಕು ಜನರ ಮುಂದೆ ಹೇಳು ಶಂಕ್ರಿ, ನಮ್ಮಣ್ಣನೇ ಕೊಯ್ಸಿದ್ದು ಅಂತ. ನೀನು ಹೇಳಿದ್ರೆ ನಂಬ್ತಾರೆ. ಈ ಭಾರ ನನ್ನ ಕೈಲಿ ಹೊರಾಕೆ ಆಗವಲ್ದು’ ಎಂದು ಅಂಗಲಾಚಿದ. ಅರವತ್ತರ ಹತ್ತಿರದ ಮನುಷ್ಯ, ಬದುವಿನ ಮೇಲೆ ನಿಂತು ಅಳುತ್ತಿದ್ದ.

ಶಂಕ್ರಮ್ಮನಿಗೂ ಕಣ್ಣು ತುಂಬಿತು. ಅಣ್ಣನೆಂದರೆ ಅವಳಿಗೆ ಈಗಲೂ ಜೀವವೇ. ಆದರೂ ತಲೆಯಾಡಿಸಿದಳು.

‘ಅವತ್ತು ನೀನು ಹೇಳಿದ್ರೆ ನನ್ನ ತೋಟ ಉಳೀತಿತ್ತಣ್ಣ. ಇವತ್ತು ನಾನು ಹೇಳಿದ್ರೆ ನಿನ್ನ ಮನಸ್ಸು ಹಗುರಾಗತೈತೆ, ಅಷ್ಟೇ. ಅದೊಂದನ್ನ ನನ್ನ ಕೈಲಿ ಮಾಡಿಸಬ್ಯಾಡ.’

ಆಮೇಲೆ, ಬಿಸಿಲು ಬಹಳ ಐತೆ, ಮನೆಗೆ ನಡಿ, ಉಂಡು ಹೋಗುವೆಯಂತೆ ಎಂದು ಮುಂದೆ ನಡೆದಳು.